ಮೋನೆಯ ‘ಮಧ್ಯಾಹ್ನದ ಊಟ’: ತೋಟದ ಚಿತ್ರವೊಂದನ್ನು ನೆರಳಿನ ಕಡೆಯಿಂದ ನೋಡುವುದು ಹೇಗೆ?

19ನೇ ಶತಮಾನದ ಫ್ರಾನ್ಸಿನಲ್ಲಿ, ಬಯಲಿನ ಬೆಳಕು ಕಣ್ಣಿಗೆ ಕಂಡಂತೆ ಬರೆಯಲು ಹೊರಟ ಮೋನೆ ಮತ್ತು ಗೆಳೆಯರನ್ನು ಇಂಪ್ರೆಷನಿಸ್ಟರು ಅನ್ನುತ್ತಾರೆ. ಇಂಪ್ರೆಷನಿಸ್ಟ್ ಚಿತ್ರ ಎಂದ ಕೂಡಲೇ ಎಲ್ಲರೂ ಬೆಳಕಿನ ಮಾತು ತೆಗೆಯುತ್ತಾರೆ. ಬಿಸಿಲು ಎಷ್ಟು ಚೆನ್ನಾಗಿ ಬಿದ್ದಿದೆ ನೋಡಿ ಅನ್ನುತ್ತಾರೆ. ಮಾತೇನೋ ಸರಿ. ಆದರೆ ಹೊಸದಾಗಿ ಚಿತ್ರ ನೋಡಲು ಕೂತವರಿಗೆ ಇದರಿಂದ ಜಾಸ್ತಿ ಉಪಯೋಗವಿಲ್ಲ. ಹೌದು, ಬೆಳಕು ಚೆನ್ನಾಗಿದೆ ಎಂದು ತಲೆಯಾಡಿಸಿ ಮುಂದಿನ ಚಿತ್ರಕ್ಕೆ ಹೋಗಿಬಿಡುತ್ತೇವೆ, ಅಲ್ವಾ?

ನಾನು ಹೇಳುವುದು ಬೇರೆ. ನೆರಳಿನಿಂದ ಶುರು ಮಾಡಿ. ಈ ಚಿತ್ರಕಾರರು ಮಾಡಿದ ದೊಡ್ಡ ಕೆಲಸ ನೆರಳಿನಲ್ಲಿದೆ. ನೆರಳು ಕಣ್ಣಿಗೆ ಸಿಕ್ಕರೆ ಬೆಳಕು ತಾನಾಗಿ ಸಿಗುತ್ತದೆ.

ಇದಕ್ಕೆ ನಾನು ಆರಿಸಿಕೊಂಡಿರುವುದು ಕ್ಲೋದ್ ಮೋನೆಯ ‘ಮಧ್ಯಾಹ್ನದ ಊಟ’. 1873ರ ಸುಮಾರಿಗೆ ಬರೆದ ತೈಲಚಿತ್ರ. ಈಗ ಪ್ಯಾರಿಸ್‌ನ ಓರ್ಸೆ ಮ್ಯೂಸಿಯಂನ ಸಂಗ್ರಹದಲ್ಲಿದೆ. ಚಿತ್ರದಲ್ಲಿರುವುದು ಒಂದು ಮನೆಯ ಹೂದೋಟ. ಊಟ ಮುಗಿದಿದೆ. ಮೇಜಿನ ಮೇಲಿನ ಸಾಮಾನು ಇನ್ನೂ ತೆಗೆದಿಲ್ಲ. ಮೇಜಿನ ಪಕ್ಕ ನೆಲದ ಮೇಲೆ ಪುಟ್ಟ ಹುಡುಗನೊಬ್ಬ ಕೂತು ಆಡುತ್ತಿದ್ದಾನೆ. ಹಿಂದೆ, ಹೂಗಿಡಗಳ ಆಚೆ, ತಿಳಿಬಣ್ಣದ ಉಡುಪಿನ ಇಬ್ಬರು ಹೆಂಗಸರು ಅಡ್ಡಾಡುತ್ತಿದ್ದಾರೆ. ಇಷ್ಟೇ. ಇದರಲ್ಲಿ ಕಥೆಯಿಲ್ಲ, ಜಗಳವಿಲ್ಲ, ಯಾರೂ ನಮ್ಮ ಕಡೆ ನೋಡುವುದೂ ಇಲ್ಲ. ಬಿಡುವಾಗಿರುವ ಒಂದು ಮಧ್ಯಾಹ್ನ, ಅಷ್ಟೇ.

ಇಂಥ ಚಿತ್ರ ನೋಡುವುದೇ ಕಷ್ಟ. ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ ಅನಿಸುತ್ತದೆ. ಅದಕ್ಕೇ ಒಂದು ಕ್ರಮ ಇಟ್ಟುಕೊಂಡು ನೋಡೋಣ. ಅರ್ಧ ಗಂಟೆ ಬಿಡುವಿದ್ದರೆ ಸಾಕು.

ಮೊದಲು ಸರಿಯಾದ ಚಿತ್ರ ಹುಡುಕಿ

ಇದು ಸಣ್ಣ ವಿಷಯ ಅನಿಸಬಹುದು. ಆದರೆ ಎಡವುವುದು ಇಲ್ಲೇ. ಮೋನೆಯದೇ ಇದೇ ಹೆಸರಿನ ಇನ್ನೊಂದು ಚಿತ್ರವಿದೆ. ಅದು 1868ರದು, ಫ್ರಾಂಕ್‌ಫರ್ಟ್‌ನ ಸ್ಟೇಡೆಲ್ ಮ್ಯೂಸಿಯಂನಲ್ಲಿದೆ, ಮತ್ತು ಅದು ಮನೆಯೊಳಗಿನ ಊಟದ ಚಿತ್ರ. ಇದು ಸಾಲದು ಎಂಬಂತೆ ‘ಹುಲ್ಲಿನ ಮೇಲೆ ಊಟ’ ಎಂಬ ಹೆಸರಲ್ಲಿ ಎರಡು ಚಿತ್ರಗಳಿವೆ. 1863ರ ಪ್ರಸಿದ್ಧ ಚಿತ್ರ ಎದುವಾರ್ ಮಾನೆಯದು. ಅದನ್ನು ನೋಡಿದ ಮೇಲೆ ಮೋನೆ 1865–66ರಲ್ಲಿ ಶುರು ಮಾಡಿ ಮುಗಿಸದೆ ಬಿಟ್ಟದ್ದು ಇನ್ನೊಂದು. ಮಾನೆ, ಮೋನೆ ಇಬ್ಬರೂ ಬೇರೆ ಬೇರೆ ಚಿತ್ರಕಾರರು, ಸ್ನೇಹಿತರು. ಹುಡುಕುವಾಗ ‘ಮೋನೆ, 1873, ಓರ್ಸೆ’ ಎಂಬ ಮೂರನ್ನೂ ಸೇರಿಸಿ. ತೋಟ, ಬಿಳಿ ಬಟ್ಟೆ ಹಾಸಿದ ದುಂಡು ಮೇಜು, ಕೊಂಬೆಗೆ ತೂಗು ಹಾಕಿದ ಹುಲ್ಲಿನ ಹ್ಯಾಟು ಕಂಡರೆ ಅದೇ ನಮ್ಮ ಚಿತ್ರ.

ಮ್ಯೂಸಿಯಂನ ಸ್ವಂತ ವೆಬ್‌ಸೈಟಿನಲ್ಲಿರುವ ಫೋಟೊ ತೆಗೆದುಕೊಳ್ಳಿ. ಬೇರೆ ಕಡೆಯವು ಕೆಲವು ಹಳದಿಗೆ ತಿರುಗಿರುತ್ತವೆ, ಕೆಲವಕ್ಕೆ ಬಣ್ಣ ಏರಿಸಿರುತ್ತಾರೆ. ನಾವು ನೋಡಲು ಹೊರಟಿರುವುದೇ ಬಣ್ಣ. ಹಾಗಾಗಿ ಫೋನಿನ ನೈಟ್ ಮೋಡ್ ಅಥವಾ ಕಣ್ಣಿಗೆ ತಂಪು ಎಂದು ಹಾಕಿಕೊಂಡಿರುವ ಹಳದಿ ಫಿಲ್ಟರ್ ಇದ್ದರೆ ಆಫ್ ಮಾಡಿ. ಅದು ನೀಲಿಯನ್ನು ತಿಂದುಹಾಕುತ್ತದೆ. ನೀಲಿ ಹೋದರೆ ಈ ಚಿತ್ರದ ಅರ್ಧ ಜೀವ ಹೋದ ಹಾಗೆ.

ಇನ್ನು ಅಳತೆ. ಚಿತ್ರದ ಎತ್ತರ ಸುಮಾರು 160 ಸೆಂ.ಮೀ., ಅಗಲ ಸುಮಾರು 201 ಸೆಂ.ಮೀ. ಟೇಪು ಹಿಡಿದು ಗೋಡೆಯ ಮೇಲೆ ಅಷ್ಟು ಜಾಗ ಗುರುತು ಮಾಡಿ ಒಮ್ಮೆ ನೋಡಿ. ನಿಮ್ಮ ಎರಡು ತೋಳು ಚಾಚಿದರೂ ಅಂಚು ಸಿಗುವುದು ಕಷ್ಟ. ಮುಂದಿನ ಮೇಜು, ಬೆಂಚು ಎಲ್ಲ ನಿಜವಾದ ಸಾಮಾನಿನ ಹಾಗೆ ಎದುರಿಗೆ ನಿಲ್ಲುತ್ತವೆ. ಚಿತ್ರದ ಎದುರು ನಿಂತವರು ತೋಟದ ಒಳಗೇ ಒಂದು ಹೆಜ್ಜೆ ಇಟ್ಟಂತೆ ಇರುತ್ತದೆ. ಫೋನಿನ ಮೇಲೆ ನೋಡುವಾಗ ಈ ಅಳತೆ ತಲೆಯಲ್ಲಿರಲಿ.

ಕಣ್ಣು ಅರ್ಧ ಮುಚ್ಚಿ

ಚಿತ್ರಕಾರರು ದಿನಾ ಮಾಡುವ ಕೆಲಸ ಇದು. ಕಣ್ಣು ಕಿರಿದು ಮಾಡಿದರೆ ಎಲೆ, ಹೂವು, ಲೇಸು ಎಲ್ಲ ಮಾಯವಾಗಿ ಕಪ್ಪು ಭಾಗ, ಬಿಳಿ ಭಾಗ ಮಾತ್ರ ಉಳಿಯುತ್ತವೆ. ಈಗ ಗಮನಿಸಿ. ಮುಂಭಾಗದ ಬಹುಪಾಲು ನೆರಳಿನಲ್ಲಿದೆ. ಅದರ ನಡುವೆ ಮೇಜಿನ ಬಟ್ಟೆ ಹೊಳೆಯುತ್ತಿದೆ. ಆಮೇಲೆ ಬಿಸಿಲು ಬಿದ್ದ ನೆಲ, ಹೂವಿನ ಪಾತಿಗಳು. ಅದರಾಚೆ ಮನೆ. ಅಂದರೆ ನಾವು ನೆರಳಿನಲ್ಲಿ ನಿಂತು ಬಿಸಿಲಿನ ಕಡೆ ನೋಡುತ್ತಿದ್ದೇವೆ. ಬಿಸಿಲಿನಲ್ಲಿ ನಿಂತು ನೋಡಿದ್ದರೆ ಇಷ್ಟು ಆರಾಮ ಅನಿಸುತ್ತಿರಲಿಲ್ಲ. ತೋಟದ ಬಿಡುವಿನ ಚಿತ್ರಕ್ಕೆ ಮೋನೆ ಮೊದಲು ಮಾಡಿದ ಆಯ್ಕೆ ಇದು: ನೋಡುವವರಿಗೆ ತಂಪಾದ ಜಾಗ ಕೊಟ್ಟ.

ನೆರಳಿನ ಬಣ್ಣ ಹಿಡಿಯುವುದು

ಇಲ್ಲಿ ಸ್ವಲ್ಪ ನಿಧಾನ ಮಾಡಿ. ಇಡೀ ಲೇಖನದಲ್ಲಿ ನೀವು ಒಂದೇ ಕೆಲಸ ಮಾಡುವುದಾದರೆ ಇದನ್ನು ಮಾಡಿ.

ಒಂದು ಬಿಳಿ ಕಾಗದದ ಚೂರಿನಲ್ಲಿ ಕಡಲೆಕಾಳಿನಷ್ಟು ತೂತು ಮಾಡಿ. ಚಿತ್ರವನ್ನು ಪರದೆಯ ತುಂಬ ದೊಡ್ಡದು ಮಾಡಿ, ಮೇಜಿನ ಬಟ್ಟೆಯ ನೆರಳಿನ ಭಾಗದ ಮೇಲೆ ಆ ತೂತು ಬರುವಂತೆ ಕಾಗದ ಹಿಡಿಯಿರಿ. ಈಗ ತೂತಿನಲ್ಲಿ ಏನು ಕಾಣುತ್ತದೆ? ನೀವು ಬಿಳಿ ಬಟ್ಟೆ ಎಂದುಕೊಂಡಿದ್ದ ಜಾಗ ಬಿಳಿಯಲ್ಲ. ತಿಳಿನೀಲಿ, ನೇರಳೆಯ ಕಡೆ ವಾಲಿದ ಬೂದಿಬಣ್ಣ. ಕಾಗದ ತೆಗೆದರೆ ಮತ್ತೆ ಬಿಳಿ ಬಟ್ಟೆ! ಕಾಗದ ಸರಿಸಿ ಬಿಸಿಲು ಬಿದ್ದ ಭಾಗಕ್ಕೆ ತನ್ನಿ. ಅಲ್ಲಿ ಕೆನೆಯಂಥ, ನಸುಹಳದಿ ಬಣ್ಣ ಸಿಗುತ್ತದೆ. ಒಂದೇ ಬಟ್ಟೆ, ಎರಡು ಬೇರೆ ಬೇರೆ ಬಣ್ಣ. ಆದರೂ ನಮ್ಮ ಮನಸ್ಸು ಇಡೀ ಬಟ್ಟೆಯನ್ನು ಬಿಳಿ ಎಂದೇ ಓದುತ್ತದೆ.

ಹೀಗೆ ನೆಲದ ಮೇಲಿನ ನೆರಳನ್ನೂ ನೋಡಿ. ಹುಡುಗ ಕೂತ ಜಾಗ, ಬೆಂಚಿನ ಕೆಳಗೆ, ಪಾತಿಯ ಅಂಚು. ಹೋದ ಕಡೆಯೆಲ್ಲ ಬೇರೆ ಬೇರೆ ಬಣ್ಣ ಸಿಗುತ್ತದೆ. ಆಗಿನ ಕಲಾಶಾಲೆಗಳಲ್ಲಿ ಕಲಿತವರ ಚಿತ್ರಗಳಲ್ಲಿ ನೆರಳೆಂದರೆ ಸಾಮಾನ್ಯವಾಗಿ ಕಂದು. ಸ್ಟುಡಿಯೊದ ಒಂದೇ ಕಿಟಕಿಯ ಬೆಳಕಿನಲ್ಲಿ ಅದು ಸರಿಹೋಗುತ್ತಿತ್ತು. ಹೊರಗೆ ಹಾಗಲ್ಲ.

ಯಾಕೆ ಅಂದರೆ, ಬಯಲಿನಲ್ಲಿ ಎರಡು ದೀಪಗಳಿವೆ. ಒಂದು ಸೂರ್ಯ, ಇನ್ನೊಂದು ಆಕಾಶ. ಮರ ಸೂರ್ಯನನ್ನು ಮರೆ ಮಾಡಬಹುದು, ಇಡೀ ನೀಲಿ ಆಕಾಶವನ್ನು ಮರೆ ಮಾಡಲಾರದು. ಸೂರ್ಯನ ಬೆಳಕು ತಪ್ಪಿದ ಜಾಗಕ್ಕೆ ಆಕಾಶದ ಬೆಳಕು ಬಂದು ಬೀಳುತ್ತದೆ, ಅದು ನೀಲಿ. ಸುತ್ತಲ ಎಲೆಗಳಿಂದ ಒಂದಿಷ್ಟು ಹಸಿರು ಚಿಮ್ಮಿ ಬರುತ್ತದೆ. ನೆಲ ಕೆಂಪಾಗಿದ್ದರೆ ಅದರ ಬಣ್ಣವೂ ಸ್ವಲ್ಪ ಸೇರುತ್ತದೆ. ನೆರಳು ಎಂದರೆ ಬೆಳಕಿಲ್ಲದ ಜಾಗ ಅಲ್ಲ, ಬೇರೆ ಬೆಳಕು ಬಿದ್ದ ಜಾಗ. ಈ ಒಂದು ವಿಷಯ ಮನಸ್ಸಿಗೆ ಇಳಿದರೆ ಇಂಪ್ರೆಷನಿಸ್ಟರ ಯಾವ ಚಿತ್ರದ ಎದುರೂ ನೀವು ಸುಮ್ನೆ ನಿಲ್ಲಬೇಕಾಗಿಲ್ಲ.

ಇನ್ನೊಂದು ಕಾರಣ ನಮ್ಮ ಕಣ್ಣಿನಲ್ಲೇ ಇದೆ. ಪಕ್ಕದಲ್ಲಿ ಹಳದಿ ಇದ್ದರೆ ಬೂದಿಬಣ್ಣ ನೇರಳೆಯಾಗಿ ಕಾಣುತ್ತದೆ. ಕೆಂಪಿನ ಪಕ್ಕ ಹಸಿರಾಗಿ ಕಾಣುತ್ತದೆ. ಇದನ್ನು ಕ್ರಮವಾಗಿ ಬರೆದಿಟ್ಟವನು ಮಿಷೆಲ್ ಶೆವ್ರಲ್ ಎಂಬ ರಸಾಯನಶಾಸ್ತ್ರಜ್ಞ. ಪ್ಯಾರಿಸ್‌ನ ಗೋಬ್ಲಾಂ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗಕ್ಕೆ ಆತ ಮುಖ್ಯಸ್ಥ. ಅಲ್ಲಿನ ಕಪ್ಪು ನೂಲು ಸರಿಯಾಗಿ ಕಪ್ಪಗೆ ಕಾಣುವುದಿಲ್ಲ ಎಂಬ ದೂರು ಬಂತು. ಪರೀಕ್ಷೆ ಮಾಡಿ ನೋಡಿದರೆ ಕಪ್ಪು ಬಣ್ಣದಲ್ಲಿ ದೋಷವೇ ಇರಲಿಲ್ಲ. ಪಕ್ಕದಲ್ಲಿ ನೇಯ್ದ ಬಣ್ಣಗಳು ಅದನ್ನು ಹಾಗೆ ಕಾಣಿಸುತ್ತಿದ್ದವು. ಅವನ ಪುಸ್ತಕ ಬಂದದ್ದು 1839ರಲ್ಲಿ, ಮೋನೆ ಹುಟ್ಟುವ ಹಿಂದಿನ ವರ್ಷ. ಮೋನೆ ದೊಡ್ಡವನಾಗುವ ಹೊತ್ತಿಗೆ ಪ್ಯಾರಿಸ್‌ನ ಚಿತ್ರಕಾರರ ನಡುವೆ ಈ ವಿಚಾರ ಹೊಸದಾಗಿ ಉಳಿದಿರಲಿಲ್ಲ.

ಇಂಪ್ರೆಷನಿಸ್ಟರು ಕಪ್ಪನ್ನು ಮುಟ್ಟಲೇ ಇಲ್ಲ ಎಂದು ಕೆಲವರು ಹೇಳುವುದುಂಟು. ಅದನ್ನು ಪೂರ್ತಿ ನಂಬಬೇಡಿ. ಕೊಂಬೆಗೆ ತೂಗು ಹಾಕಿದ ಹ್ಯಾಟಿನ ರಿಬ್ಬನ್ ನೋಡಿ. ಕಪ್ಪು! ಇಡೀ ಚಿತ್ರದ ನೆರಳುಗಳ ಪಕ್ಕ ಆ ರಿಬ್ಬನ್ ಇಟ್ಟು ಹೋಲಿಸಿ. ಕಪ್ಪು ವಸ್ತುವಿಗೆ ಕಪ್ಪು ಬಣ್ಣ ಬಂದಿದೆ, ನೆರಳಿಗೆ ಬಂದಿಲ್ಲ. ವ್ಯತ್ಯಾಸ ಇರುವುದು ಅಲ್ಲಿ.

ನೆರಳಿನ ನಡುವೆ ಬಿದ್ದಿರುವ ಬಿಸಿಲಿನ ಮಚ್ಚೆಗಳನ್ನೂ ನೋಡಿಬಿಡಿ. ಮರದ ಕೆಳಗಿನ ಇಂಥ ಮಚ್ಚೆಗಳು ನಿಜದಲ್ಲಿ ದುಂಡಗೆ, ಮೆತ್ತನೆಯ ಅಂಚಿನವು. ಎಲೆಗಳ ಸಂದಿ ಯಾವ ಆಕಾರದಲ್ಲೇ ಇರಲಿ, ಮಚ್ಚೆ ದುಂಡಗೇ ಬೀಳುತ್ತದೆ. ಯಾಕೆಂದರೆ ಪ್ರತಿ ಮಚ್ಚೆಯೂ ಸೂರ್ಯನ ಒಂದು ಪುಟ್ಟ ಬಿಂಬ. 2019ರ ಡಿಸೆಂಬರ್ 26ರ ಗ್ರಹಣದ ದಿನ ಕೊಡಗು, ಮಂಗಳೂರು ಕಡೆ ಮರದ ಕೆಳಗೆ ನಿಂತವರಿಗೆ ಇದು ನೆನಪಿರಬಹುದು. ಆ ದಿನ ನೆಲದ ಮೇಲಿನ ಮಚ್ಚೆಗಳೆಲ್ಲ ಕುಡುಗೋಲಿನ ಆಕಾರ ತಾಳಿದ್ದವು. ಮೋನೆ ಈ ಮಚ್ಚೆಗಳನ್ನು ಗೆರೆ ಎಳೆದು ಬರೆಯಲಿಲ್ಲ. ದಪ್ಪ ಬಣ್ಣದ ಕುಂಚವನ್ನು ಒತ್ತಿ ಬಿಟ್ಟ, ಅಷ್ಟೇ.

ಬಿಟ್ಟುಹೋದ ಸಾಮಾನು ಲೆಕ್ಕ ಹಾಕಿ

ಈಗ ವಸ್ತುಗಳಿಗೆ ಬನ್ನಿ. ಒಂದು ಹಾಳೆ ತೆಗೆದುಕೊಂಡು ಕಂಡದ್ದನ್ನೆಲ್ಲ ಬರೆಯುತ್ತಾ ಹೋಗಿ. ಮೇಜಿನ ಮೇಲೆ ಕಾಫಿ ಪಾತ್ರೆ, ಕಪ್‌ಗಳು, ಹಣ್ಣು, ಬ್ರೆಡ್ಡು, ತಳದಲ್ಲಿ ವೈನ್ ಉಳಿದ ಲೋಟ. ಬೆಂಚಿನ ಮೇಲೆ ಒಂದು ಚೀಲ, ಒಂದು ಕೊಡೆ. ಕೊಂಬೆಯಲ್ಲಿ ಹ್ಯಾಟು. ನೆಲದಲ್ಲಿ ಹುಡುಗನ ಆಟದ ಮರದ ತುಂಡುಗಳು.

ಬರೆದ ಪಟ್ಟಿ ಓದಿಕೊಂಡರೆ ಒಂದು ವಿಷಯ ಹೊಳೆಯುತ್ತದೆ. ಪ್ರತಿಯೊಂದನ್ನೂ ಯಾರೋ ಈಗಷ್ಟೇ ಕೈಯಿಂದ ಇಟ್ಟು ಎದ್ದುಹೋಗಿದ್ದಾರೆ. ಕೊಡೆಯನ್ನು ನೆರಳಿನಲ್ಲೇ ಬಿಟ್ಟು ಬಿಸಿಲಿಗೆ ಹೋಗಿದ್ದಾರೆ. ಅಂದರೆ ದೂರ ಹೋಗಿಲ್ಲ, ಈಗ ಬರುತ್ತಾರೆ. ಚಿತ್ರದ ಅತಿ ಒಳ್ಳೆಯ ಜಾಗ, ಮುಂದಿನ ದೊಡ್ಡ ಜಾಗ, ಮನುಷ್ಯರಿಲ್ಲದೆ ಖಾಲಿ ಇದೆ. ಮನುಷ್ಯರನ್ನು ಮೋನೆ ಅಂಚಿಗೆ ತಳ್ಳಿದ. ಹೆಂಗಸರು ಹಿಂದಕ್ಕೆ ಹೋದರು. ಹುಡುಗ ಎಡಗಡೆ, ಮೇಜಿನ ಮಗ್ಗುಲಲ್ಲಿ, ನೆರಳಿನಲ್ಲಿ ಅರ್ಧ ಕರಗಿಹೋಗಿದ್ದಾನೆ. ಎಷ್ಟೋ ಜನ ಮೊದಲ ಸಲ ನೋಡಿದಾಗ ಆ ಹುಡುಗನನ್ನು ಕಾಣುವುದೇ ಇಲ್ಲ. ನೀವು ಯಾರಿಗಾದರೂ ಈ ಚಿತ್ರ ತೋರಿಸುವಾಗ ಮೊದಲೇ ಹೇಳಬೇಡಿ. ಅವರೇ ಹುಡುಕಲಿ.

ನನಗೆ ಈ ಚಿತ್ರ ಅಷ್ಟು ಇಷ್ಟವಾಗುವುದು ಈ ಕಾರಣಕ್ಕೇ. ಬಿಡುವನ್ನು ಬರೆಯಲು ಹೊರಟವರು ಸಾಮಾನ್ಯವಾಗಿ ಒರಗಿ ಕೂತವರನ್ನು, ನಗುವವರನ್ನು ಬರೆಯುತ್ತಾರೆ. ಮೋನೆ ಎದ್ದುಹೋದವರ ಜಾಗ ಬರೆದ. ಮೇಜನ್ನು ಯಾರೂ ಅವಸರದಿಂದ ತೆಗೆಯುತ್ತಿಲ್ಲ ಎನ್ನುವುದರಲ್ಲೇ ಬಿಡುವೆಲ್ಲ ಇದೆ.

ಹುಡುಗ ಮೋನೆಯ ಮಗ ಜಾನ್. 1867ರಲ್ಲಿ ಹುಟ್ಟಿದವನು. ಇಲ್ಲಿ ಅವನಿಗೆ ಆರು ವರ್ಷದ ಆಸುಪಾಸು. ಅವನ ತಾಯಿ ಕಾಮಿಲ್. ಮೋನೆಯ ಎಷ್ಟೋ ಚಿತ್ರಗಳಿಗೆ ಮಾದರಿಯಾಗಿ ನಿಂತವಳು. ಮುಂದೆ 1879ರಲ್ಲಿ, 32ನೇ ವಯಸ್ಸಿಗೇ, ಕಾಯಿಲೆಯಿಂದ ತೀರಿಕೊಂಡಳು. ಇದನ್ನು ತಿಳಿದು ನೋಡಿದಾಗ ಮನಸ್ಸು ಭಾರವಾಗುತ್ತದೆ, ನಿಜ. ಆದರೆ ಚಿತ್ರ ಬರೆದವನಿಗೆ ಆಗ ಅದು ಗೊತ್ತಿರಲಿಲ್ಲ ಎನ್ನುವುದೂ ನೆನಪಿರಲಿ. ಆ ದುಃಖವನ್ನು ಈ ತೋಟದ ಮೇಲೆ ಹೊರಿಸುವುದು ಬೇಡ.

ಗೋಡೆಯ ಆಚೆ ಏನಿತ್ತು?

ಈ ತೋಟ ಇದ್ದದ್ದು ಅರ್ಜಾಂತೈ ಎಂಬ ಊರಿನಲ್ಲಿ. ಸೇನ್ ನದಿಯ ದಡ, ಪ್ಯಾರಿಸ್‌ಗೆ ಹತ್ತಿರ, ರೈಲಿನ ಸಂಪರ್ಕ ಇತ್ತು. ಭಾನುವಾರ ಪ್ಯಾರಿಸ್‌ನವರು ದೋಣಿ ಬಿಡಲು ಇಲ್ಲಿಗೆ ಬರುತ್ತಿದ್ದರು. ಜೊತೆಗೆ ಕಾರ್ಖಾನೆಗಳೂ ಬೆಳೆಯುತ್ತಿದ್ದ ಊರು. ಚಿತ್ರದಲ್ಲಿ ಅದರ ಸುಳಿವೂ ಇಲ್ಲ. ಗಿಡ, ಮನೆ, ಹೂವು ಸೇರಿ ನಾಲ್ಕೂ ಕಡೆ ಮುಚ್ಚಿವೆ. ಹೊರಗಿನ ಸದ್ದನ್ನು ಬೇಕೆಂದೇ ಹೊರಗಿಟ್ಟ ಚಿತ್ರ ಇದು.

ಹಿಂದಿನ ಕೆಲವು ವರ್ಷ ಸುಖದ್ದಾಗಿರಲಿಲ್ಲ. 1870ರ ಜೂನ್‌ನಲ್ಲಿ ಮೋನೆ ಮತ್ತು ಕಾಮಿಲ್ ಮದುವೆಯಾದರು. ಮುಂದಿನ ತಿಂಗಳೇ ಫ್ರಾನ್ಸ್ ಮತ್ತು ಪ್ರಷ್ಯಾದ ನಡುವೆ ಯುದ್ಧ. ಮೋನೆ ಲಂಡನ್‌ಗೆ ಹೋದ. ಕೈ ಖಾಲಿಯಿದ್ದಾಗಲೆಲ್ಲ ನೆರವಾಗುತ್ತಿದ್ದ ಗೆಳೆಯ, ಚಿತ್ರಕಾರ ಫ್ರೆದೆರಿಕ್ ಬಾಜೀಲ್, ಅದೇ ನವೆಂಬರ್‌ನಲ್ಲಿ ಯುದ್ಧದಲ್ಲಿ ಸತ್ತ. ಆಗ ಬಾಜೀಲ್‌ಗೆ 28 ವರ್ಷ. ಲಂಡನ್‌ನಲ್ಲಿ ಮೋನೆಗೆ ಪಾಲ್ ದ್ಯುರಾನ್-ರುಯೆಲ್ ಎಂಬ ಕಲಾ ವ್ಯಾಪಾರಿಯ ಪರಿಚಯವಾಯಿತು. ಯುದ್ಧದ ನಂತರ ಆತ ಮೋನೆಯ ಚಿತ್ರಗಳನ್ನು ಕೊಳ್ಳತೊಡಗಿದ. 1871ರ ಕೊನೆಗೆ ಮೋನೆ ಅರ್ಜಾಂತೈಯಲ್ಲಿ ತೋಟವಿದ್ದ ಮನೆ ಬಾಡಿಗೆಗೆ ಹಿಡಿದ. ಬಾಡಿಗೆ ಮನೆಯಾದರೂ ಹೂಗಿಡಗಳ ವಿಷಯದಲ್ಲಿ ಕೈ ಬಿಗಿ ಮಾಡಲಿಲ್ಲ. ಮುಂದೆ ಜಿವೆರ್ನಿ ಎಂಬ ಹಳ್ಳಿಯಲ್ಲಿ ನೈದಿಲೆಯ ಕೊಳ ಮಾಡಿಸಿದ ಮನುಷ್ಯ ಇಲ್ಲೇ ಆಗಲೇ ಕಾಣುತ್ತಾನೆ.

ಚಿತ್ರ ನೋಡುವಾಗ ಈ ಪ್ರಶ್ನೆಯನ್ನೂ ಕೇಳಿಕೊಳ್ಳಿ: ಈ ಮೇಜನ್ನು ಯಾರು ತೆಗೆಯುತ್ತಾರೆ? ಅಡುಗೆ ಮಾಡಿದವರು, ಪಾತ್ರೆ ತೊಳೆಯುವವರು ಚಿತ್ರದಲ್ಲಿ ಇಲ್ಲ. 19ನೇ ಶತಮಾನದ ತೋಟದ ಚಿತ್ರಗಳಲ್ಲಿ ಬಿಡುವು ಇದ್ದವರು ಕಾಣುತ್ತಾರೆ, ಅದಕ್ಕಾಗಿ ದುಡಿದವರು ಅಪರೂಪಕ್ಕೆ ಕಾಣುತ್ತಾರೆ. ಇದರಿಂದ ಚಿತ್ರದ ಚಂದ ಕಡಿಮೆಯಾಗುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ನೋಡುವವರು ಇದನ್ನು ಕೇಳಿಕೊಳ್ಳದೇ ಇರಬಾರದು.

ಈ ಚಿತ್ರವನ್ನು ಮೋನೆ 1876ರ ಎರಡನೇ ಇಂಪ್ರೆಷನಿಸ್ಟ್ ಪ್ರದರ್ಶನದಲ್ಲಿ ಇಟ್ಟ. ಆಗ ಅದನ್ನು ‘ಅಲಂಕಾರದ ಫಲಕ’ ಎಂದು ಕರೆದ. ಗೋಡೆಯ ಭಾಗವಾಗಿ ಇರಬೇಕಾದ, ಕಥೆ ಹೇಳಬೇಕಿಲ್ಲದ ಚಿತ್ರ ಎಂದು. ಕಥೆ ಯಾಕಿಲ್ಲ ಎಂದು ಒದ್ದಾಡುವವರಿಗೆ ಇದು ಒಳ್ಳೆಯ ಉತ್ತರ. ಮುಂದೆ ಇದು ಚಿತ್ರಕಾರ ಗುಸ್ತಾವ್ ಕೈಬೋತ್ ಕೈ ಸೇರಿತು. ಆತ ಗೆಳೆಯರ ಚಿತ್ರಗಳನ್ನು ಕೊಂಡು ಕೂಡಿಸಿಟ್ಟು, 1894ರಲ್ಲಿ ತೀರಿಕೊಂಡಾಗ ಎಲ್ಲವನ್ನೂ ಫ್ರಾನ್ಸ್ ಸರ್ಕಾರಕ್ಕೆ ಬರೆದಿಟ್ಟಿದ್ದ. ಸರ್ಕಾರ ಒಂದು ಭಾಗವನ್ನು ಮಾತ್ರ ತೆಗೆದುಕೊಂಡಿತು. ಪುಣ್ಯಕ್ಕೆ ಈ ಚಿತ್ರ ಆ ಭಾಗದಲ್ಲಿತ್ತು.

ಹತ್ತಿರ ಹೋಗಿ, ಹಿಂದೆ ಬನ್ನಿ

ಫೋಟೊವನ್ನು ಎಷ್ಟು ಹಿಗ್ಗಿಸಲು ಆಗುತ್ತದೋ ಅಷ್ಟು ಹಿಗ್ಗಿಸಿ ಹೂವಿನ ಪಾತಿ ನೋಡಿ. ಹೂವು ಇಲ್ಲ! ಕೆಂಪು, ಗುಲಾಬಿ, ಬಿಳಿ ಚುಕ್ಕೆಗಳಿವೆ. ಎಸಳು, ತೊಟ್ಟು ಯಾವುದೂ ಇಲ್ಲ. ಈಗ ಚಿಕ್ಕದು ಮಾಡುತ್ತಾ ಬನ್ನಿ. ಒಂದು ಹಂತದಲ್ಲಿ ಚುಕ್ಕೆಗಳು ಹೂವಾಗುತ್ತವೆ. ಆ ಹಂತ ಎಲ್ಲಿ ಬಂತು ಎಂದು ಗಮನಿಸಿ. ಮ್ಯೂಸಿಯಂನಲ್ಲಿ ಇದೇ ಕೆಲಸವನ್ನು ಕಾಲಿನಿಂದ ಮಾಡಬೇಕು: ಹತ್ತಿರ ಹೋಗಿ, ಆಮೇಲೆ ನಾಲ್ಕೈದು ಹೆಜ್ಜೆ ಹಿಂದೆ ಬನ್ನಿ.

ಆಮೇಲೆ ಮೇಜಿನ ಮೇಲಿನ ಸಾಮಾನನ್ನೂ ಹೀಗೇ ಹಿಗ್ಗಿಸಿ. ಅಲ್ಲಿ ಕುಂಚ ಇನ್ನಷ್ಟು ಎಚ್ಚರದಿಂದ ಓಡಿದೆ, ವಸ್ತುಗಳಿಗೆ ಆಕಾರ ಉಂಟು. ಹಿಂದಿನ ಹೆಂಗಸರ ಮುಖ ನೋಡಿದರೆ ಕಣ್ಣು ಮೂಗು ಇಲ್ಲ. ದೂರದಲ್ಲಿ ನಿಂತವರ ಕಣ್ಣು ಮೂಗು ನಮಗೆ ನಿಜವಾಗಿಯೂ ಕಾಣುವುದಿಲ್ಲ ತಾನೇ? ಗೊತ್ತಿದ್ದದ್ದನ್ನು ಬರೆಯದೆ ಕಂಡದ್ದನ್ನು ಮಾತ್ರ ಬರೆದರೆ ಹೀಗಾಗುತ್ತದೆ.

ಇಂಥ ಕೆಲಸಕ್ಕೆ ಬಣ್ಣದ ಟ್ಯೂಬು ದೊಡ್ಡ ನೆರವಾಯಿತು. ಹಿಚುಕಿದರೆ ಬಣ್ಣ ಬರುವ ತವರದ ಟ್ಯೂಬನ್ನು ಜಾನ್ ಗಾಫ್ ರ‍್ಯಾಂಡ್ ಎಂಬ ಅಮೆರಿಕದ ಚಿತ್ರಕಾರ 1841ರಲ್ಲಿ ತಂದ. ಅದಕ್ಕೆ ಮೊದಲು ಬಣ್ಣವನ್ನು ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿ ಇಡುತ್ತಿದ್ದರು, ಬೇಗ ಒಣಗುತ್ತಿತ್ತು. ಟ್ಯೂಬು ಬಂದ ಮೇಲೆ ಬಣ್ಣಗಳನ್ನು ಹೊತ್ತು ತೋಟಕ್ಕೆ, ನದಿಗೆ ಹೋಗುವುದು ಸುಲಭವಾಯಿತು. ಕೃತಕ ಅಲ್ಟ್ರಾಮರೀನ್ ನೀಲಿ, ಕೋಬಾಲ್ಟ್ ನೀಲಿ, ವಿರಿಡಿಯನ್ ಹಸಿರು ಎಲ್ಲ ಅದೇ ಶತಮಾನದಲ್ಲಿ ಅಂಗಡಿಗೆ ಬಂದವು. ಕಂಡ ನೀಲಿ ನೆರಳನ್ನು ಬರೆಯಲು ನೀಲಿ ಅಗ್ಗವಾಗಿ ಸಿಗಬೇಕು ಅಲ್ವಾ?

ಆರೇಳು ವರ್ಷ ಹಿಂದಿನ ತೋಟದ ಜೊತೆ ಹೋಲಿಸಿ

ಒಂದು ಚಿತ್ರವನ್ನು ಒಂಟಿಯಾಗಿ ನೋಡುವುದಕ್ಕಿಂತ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಿದರೆ ಬೇಗ ಬಿಡಿಸಿಕೊಳ್ಳುತ್ತದೆ. ಮೋನೆಯ ‘ತೋಟದಲ್ಲಿ ಹೆಂಗಸರು’ ಚಿತ್ರ ತೆರೆಯಿರಿ. 1866–67ರದು, ಇದೂ ಓರ್ಸೆಯದೇ. ಎತ್ತರ 255 ಸೆಂ.ಮೀ., ಅಗಲ 205 ಸೆಂ.ಮೀ. ಮೋನೆಗೆ ಆಗ 26ರ ಆಸುಪಾಸು. ಇಷ್ಟು ದೊಡ್ಡ ಕ್ಯಾನ್ವಾಸನ್ನು ತೋಟದಲ್ಲೇ ನಿಂತು ಬರೆಯಬೇಕೆಂದು ಹಟ ಹಿಡಿದ. ಮೇಲಿನ ಭಾಗ ಬರೆಯಲು ಏಣಿ ಹತ್ತಿದರೆ ನೋಡುವ ಎತ್ತರ ಬದಲಾಗಿಬಿಡುತ್ತದೆ. ಅದಕ್ಕೆ ನೆಲದಲ್ಲಿ ಕಂದಕ ತೋಡಿಸಿ, ರಾಟೆಯಿಂದ ಕ್ಯಾನ್ವಾಸನ್ನೇ ಕೆಳಗಿಳಿಸಿ ಬರೆದ. ಕೊನೆಯ ಕೆಲಸ ಸ್ಟುಡಿಯೊದಲ್ಲಿ ಮುಗಿಯಿತು. 1867ರಲ್ಲಿ ಪ್ಯಾರಿಸ್‌ನ ಅಧಿಕೃತ ಪ್ರದರ್ಶನದ ತೀರ್ಪುಗಾರರು ಅದನ್ನು ತಿರಸ್ಕರಿಸಿದರು. ಗೆಳೆಯ ಬಾಜೀಲ್ 2,500 ಫ್ರಾಂಕ್‌ಗೆ ಕೊಂಡು, ತಿಂಗಳಿಗೆ 50 ಫ್ರಾಂಕ್‌ನಂತೆ ಕಂತು ಕಟ್ಟಿದ. 1921ರಲ್ಲಿ ಫ್ರಾನ್ಸ್ ಸರ್ಕಾರ ಅದೇ ಚಿತ್ರಕ್ಕೆ 2,00,000 ಫ್ರಾಂಕ್ ಕೊಟ್ಟಿತು.

ಎರಡನ್ನೂ ಪಕ್ಕಪಕ್ಕ ಇಟ್ಟು ಮತ್ತೆ ನೆರಳನ್ನೇ ಹುಡುಕಿ. ಹಳೆಯ ಚಿತ್ರದಲ್ಲೂ ಬಿಳಿ ಉಡುಪಿನ ಮೇಲೆ ನೀಲಿ ನೆರಳು ಬಂದಾಗಿದೆ. ಆದರೆ ದಾರಿಯ ಮೇಲಿನ ನೆರಳು ಕತ್ತರಿಸಿ ಅಂಟಿಸಿದಂತೆ ಗಟ್ಟಿ ಅಂಚಿನದು. ಹೆಂಗಸರು ಇನ್ನೂ ಮಾದರಿಗಳಂತೆ ನಿಂತಿದ್ದಾರೆ, ಉಡುಪು ತೋರಿಸುತ್ತಿದ್ದಾರೆ. ‘ಮಧ್ಯಾಹ್ನದ ಊಟ’ದ ಹೊತ್ತಿಗೆ ನೆರಳಿನ ಅಂಚು ಕರಗಿದೆ, ಜನ ನಮ್ಮನ್ನು ಮರೆತಿದ್ದಾರೆ. ನನ್ನ ಮಟ್ಟಿಗೆ ಎರಡನೆಯದೇ ದೊಡ್ಡ ಚಿತ್ರ. ನೀವು ಒಪ್ಪದಿದ್ದರೆ ಒಳ್ಳೆಯದೇ. ಯಾಕೆ ಒಪ್ಪುವುದಿಲ್ಲ ಎಂದು ಎರಡು ಸಾಲು ಬರೆದಿಡಿ.

ಈಗ ಹೊರಗೆ ಹೋಗಿ ಪರೀಕ್ಷೆ ಮಾಡಿ

ಓದಿದ್ದನ್ನು ಕಣ್ಣು ನಂಬಬೇಕಾದರೆ ಒಂದು ಸಲ ಮರದ ಕೆಳಗೆ ಹೋಗಲೇಬೇಕು. ಹೊಂಗೆ, ಬೇವು, ಮಾವು ಯಾವುದಾದರೂ ಆದೀತು. ಮೋಡವಿಲ್ಲದ ದಿನ ಬೇಕು. ಮೋಡ ಕವಿದರೆ ಎರಡು ದೀಪಗಳ ಲೆಕ್ಕ ಕೂಡುವುದಿಲ್ಲ.

ಹೊತ್ತು ಮುಖ್ಯ. ಅರ್ಜಾಂತೈ ಇರುವುದು ಸುಮಾರು 49 ಡಿಗ್ರಿ ಉತ್ತರಕ್ಕೆ. ಅಲ್ಲಿ ಜೂನ್ ತಿಂಗಳ ನಡುಮಧ್ಯಾಹ್ನವೂ ಸೂರ್ಯ ಸುಮಾರು 64 ಡಿಗ್ರಿಗಿಂತ ಮೇಲೆ ಏರುವುದಿಲ್ಲ. ನೆರಳು ಯಾವಾಗಲೂ ಓರೆ. ನಮ್ಮಲ್ಲಿ ಹಾಗಲ್ಲ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಹೊತ್ತಿಗೆ ಮತ್ತು ಆಗಸ್ಟ್ 18ರ ಹೊತ್ತಿಗೆ ಸೂರ್ಯ ನೆತ್ತಿಯ ಮೇಲೇ ಬಂದು ಶೂನ್ಯ ನೆರಳಿನ ದಿನ ಆಗುತ್ತದೆ. ಮೋನೆಯ ನೆರಳು ಬೇಕಾದರೆ ಇಲ್ಲಿ ಬೆಳಿಗ್ಗೆ ಒಂಬತ್ತರ ಸುಮಾರಿಗೆ ಅಥವಾ ಸಂಜೆ ನಾಲ್ಕಕ್ಕೆ ಹೋಗಿ.

ಒಂದು ಬಿಳಿ ಪಂಚೆ ಅಥವಾ ಬೆಡ್‌ಶೀಟ್ ಹಾಸಿ. ಅರ್ಧ ಬಿಸಿಲು, ಅರ್ಧ ನೆರಳು ಬೀಳುವಂತಿರಲಿ. ಅದರ ಮೇಲೆ ಒಂದು ಸ್ಟೀಲ್ ಲೋಟ, ಎರಡು ಹಣ್ಣು ಇಡಿ. ಐದು ನಿಮಿಷ ಸುಮ್ನೆ ಕೂತು ನೋಡಿ. ಮೊದಲಿಗೆ ನೆರಳಿನ ಭಾಗ ಬರೀ ಮಂಕು ಬಿಳಿ ಅನಿಸುತ್ತದೆ. ಆಗ ಅದೇ ತೂತು ಮಾಡಿದ ಕಾಗದ ತೆಗೆಯಿರಿ. ಕಾಗದವನ್ನು ಬಿಸಿಲಿಗೆ ಹಿಡಿದು, ತೂತಿನ ಮೂಲಕ ಬಟ್ಟೆಯ ನೆರಳಿನ ಭಾಗ ನೋಡಿ. ಬಿಸಿಲು ಬಿದ್ದ ಕಾಗದ ಪಕ್ಕದಲ್ಲಿ ಇರುವುದರಿಂದ ನೀಲಿ ಥಟ್ಟನೆ ಕಾಣುತ್ತದೆ. ಬಟ್ಟೆಯ ಮಡಿಕೆಯ ಒಳಗೆ ನೋಡಿ. ಅಲ್ಲಿ ಬಿಸಿಲು ಬಿದ್ದ ಭಾಗದಿಂದ ಚಿಮ್ಮಿದ ಬೆಚ್ಚನೆಯ ಬಣ್ಣ ಇರುತ್ತದೆ. ಹಣ್ಣಿನ ಕೆಳಗಿನ ನೆರಳಿನಲ್ಲಿ ಹಣ್ಣಿನದೇ ಬಣ್ಣ ಸ್ವಲ್ಪ ಇಳಿದಿರುತ್ತದೆ.

ಫೋನಿನಲ್ಲಿ ಫೋಟೊ ತೆಗೆಯುವುದಾದರೆ ಒಂದು ಎಚ್ಚರ. ಕ್ಯಾಮೆರಾ ತನ್ನಷ್ಟಕ್ಕೆ ಬಣ್ಣ ಸರಿಪಡಿಸಿ ನೀಲಿಯನ್ನು ಅಳಿಸಿಬಿಡಬಹುದು. ಪ್ರೊ ಮೋಡ್ ಇದ್ದರೆ ವೈಟ್ ಬ್ಯಾಲೆನ್ಸ್ ಅನ್ನು ಬಿಸಿಲಿನ ಗುರುತಿಗೆ ಇಟ್ಟು ತೆಗೆಯಿರಿ.

ಬಣ್ಣ ಹಚ್ಚುವ ಮನಸ್ಸಿದ್ದರೆ ಮಕ್ಕಳ ಜಲವರ್ಣದ ಡಬ್ಬಿಯೇ ಸಾಕು. ಕಪ್ಪು ಬಿಲ್ಲೆಯನ್ನು ಮುಟ್ಟಬೇಡಿ, ಇದೊಂದು ನಿಯಮ ಪಾಲಿಸಿ. ಬಿಸಿಲು ಬಿದ್ದ ಬಟ್ಟೆಗೆ ಕಾಗದವನ್ನೇ ಖಾಲಿ ಬಿಡಿ, ಬೇಕಾದರೆ ಹಳದಿಯ ತೀರಾ ತೆಳು ನೀರು ಹಚ್ಚಿ. ನೆರಳಿಗೆ ಅಲ್ಟ್ರಾಮರೀನ್ ನೀಲಿಗೆ ಚೂರೇ ಚೂರು ಕೆಂಪು ಸೇರಿಸಿ, ನೀರು ಜಾಸ್ತಿ ಹಾಕಿ. ಎಲೆಯ ನೆರಳಿಗೆ ಹಸಿರಿಗೆ ಅದೇ ನೀಲಿ ಸೇರಿಸಿ. ಗೆರೆ ಎಳೆದುಕೊಂಡು ತುಂಬಬೇಡಿ. ನೆರಳಿನ ಆಕಾರವನ್ನೇ ಮೊದಲು ಹಚ್ಚಿ, ಲೋಟ ಹಣ್ಣು ಆಮೇಲೆ. ಅರ್ಧ ಗಂಟೆಯಲ್ಲಿ ನೆರಳು ಜಾಗ ಬಿಟ್ಟು ಸರಿದಿರುತ್ತದೆ. ಮೊದಲು ಹಚ್ಚಿದ್ದನ್ನು ತಿದ್ದಲು ಹೋಗಬೇಡಿ, ಹೊಸ ಹಾಳೆ ತೆಗೆದುಕೊಳ್ಳಿ. ಮೋನೆ ಮುಂದೆ 1890ರ ಆಸುಪಾಸಿನಲ್ಲಿ ಹುಲ್ಲಿನ ಮೆದೆಗಳನ್ನು ಬರೆಯುವಾಗ ಮಾಡಿದ್ದೂ ಇದನ್ನೇ. ಬೆಳಕು ಬದಲಾದ ಹಾಗೆ ಕ್ಯಾನ್ವಾಸ್ ಬದಲಾಯಿಸುತ್ತಿದ್ದ.

ಪ್ಯಾರಿಸ್‌ಗೆ ಹೋಗುವವರಿಗೆ, ಹೋಗದವರಿಗೆ

ಓರ್ಸೆ ಮ್ಯೂಸಿಯಂ ಸೋಮವಾರ ರಜೆ. ಹೋಗುವ ಮೊದಲು ಚಿತ್ರ ಗೋಡೆಯ ಮೇಲಿದೆಯೇ ಎಂದು ಮ್ಯೂಸಿಯಂನ ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ. ಬೇರೆ ದೇಶದ ಪ್ರದರ್ಶನಕ್ಕೆ ಹೋಗಿರುವುದೂ ಉಂಟು. ಇಂಪ್ರೆಷನಿಸ್ಟರ ಕೋಣೆಗಳು ಐದನೇ ಮಹಡಿಯಲ್ಲಿವೆ. ಬಾಗಿಲು ತೆರೆದ ಕೂಡಲೇ ನೇರ ಅಲ್ಲಿಗೆ ಹೋಗಿ, ಕೆಳಗಿನದನ್ನು ಆಮೇಲೆ ನೋಡಬಹುದು.

ಪ್ಯಾರಿಸ್ ದೂರವಾದವರಿಗೆ ಇನ್ನೂ ಒಂದು ಒಳ್ಳೆಯ ದಾರಿ ಇದೆ. ಅರ್ಜಾಂತೈಯ ಮೋನೆ ಮನೆಯ ತೋಟವನ್ನು ಗೆಳೆಯರೂ ಬರೆದಿದ್ದಾರೆ. 1873ರಲ್ಲಿ ರೆನ್ವಾರ್ ಬರೆದ ‘ಅರ್ಜಾಂತೈಯ ತೋಟದಲ್ಲಿ ಚಿತ್ರ ಬರೆಯುತ್ತಿರುವ ಮೋನೆ’ ಅಮೆರಿಕದ ಹಾರ್ಟ್‌ಫರ್ಡ್‌ನ ವಾಡ್ಸ್‌ವರ್ತ್ ಅಥೀನಿಯಂನಲ್ಲಿದೆ. 1874ರ ಬೇಸಿಗೆಯಲ್ಲಿ ಮಾನೆ ಬಂದು ಮೋನೆ ಕುಟುಂಬವನ್ನು ಬರೆದ. ಮೋನೆ ಹಿಂದೆ ಗಿಡ ನೋಡಿಕೊಳ್ಳುತ್ತಿದ್ದಾನೆ, ಕಾಮಿಲ್ ಮತ್ತು ಜಾನ್ ಹುಲ್ಲಿನ ಮೇಲೆ. ಅದು ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಆ ಹೊತ್ತಿಗೇ ರೆನ್ವಾರ್ ಕೂಡ ಬಂದು ಪಕ್ಕದಲ್ಲಿ ಕೂತು ಕಾಮಿಲ್ ಮತ್ತು ಜಾನ್‌ರನ್ನು ಬರೆದ. ಅದು ವಾಷಿಂಗ್ಟನ್‌ನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಮೂರೂ ಮ್ಯೂಸಿಯಂಗಳು ಫೋಟೊಗಳನ್ನು ಅಂತರ್ಜಾಲದಲ್ಲಿ ಇಟ್ಟಿವೆ. ಮಾನೆ ಮತ್ತು ರೆನ್ವಾರ್ ಬರೆದ ಆ ಎರಡನ್ನು ಮೊದಲು ತೆರೆಯಿರಿ. ಅದೇ ತಾಯಿ, ಅದೇ ಮಗ, ಅದೇ ದಿನದ ಹುಲ್ಲು. ಕಾಮಿಲ್‌ಳ ಬಿಳಿ ಉಡುಪಿನ ನೆರಳಿಗೆ ಇಬ್ಬರೂ ಯಾವ ಬಣ್ಣ ಹಾಕಿದ್ದಾರೆ ಎಂದು ತೂತಿನ ಕಾಗದ ಹಿಡಿದು ಹುಡುಕಿ, ಎರಡನ್ನೂ ಪಕ್ಕಪಕ್ಕ ಬರೆದುಕೊಳ್ಳಿ.